ತ್ರಿಕೋನದ ಮರ ನಮ್ಮೂರಲ್ಲಿ ಎಲ್ಲಿದೆ?

ಕ್ರಿಸ್ಮಸ್ ರಜೆಗೆ ತಂಗಿ ಮಕ್ಕಳು ಬರುತ್ತಾರೆ ಅಂತ ಗೊತ್ತಾದಾಗ ಅವರಿಗೊಂದು ಬೊಂತೆ, ಅಂದರೆ ಕೌದಿ, ಹೊಲಿದಿಡೋಣ ಅನ್ನಿಸಿತು. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿವರೆಗೆ ಕೋಲಾರದ ಚಳಿ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳು ಇಲ್ಲಿ ಮೊದಲ ರಾತ್ರಿಯೇ ಮುದುರಿಕೊಂಡು ಮಲಗುತ್ತವೆ. ಬರೀ ಚೌಕ ಚೌಕ ಜೋಡಿಸುವ ಬದಲು ಮರಗಳ ಚಿತ್ರ ಇರಲಿ, ರಜೆ ಅಂದಮೇಲೆ ಸ್ವಲ್ಪ ಸಡಗರ ಬೇಡ್ವಾ ಅಂತ ಮಾದರಿ ಹುಡುಕಿದೆ. ಎಲ್ಲಿ ನೋಡಿದರೂ ಒಂದೇ ಮರ. ಹಸಿರು ತ್ರಿಕೋನ, ಅದರ ಕೆಳಗೆ ಒಂದು ಕಂದು ತುಂಡು. ಹಿಂದೆ ಬಿಳಿ ಬಟ್ಟೆ, ಅದು ಹಿಮ. ನೋಡಲು ಚೆನ್ನಾಗಿತ್ತು, ಹೊಲಿಯಲೂ ಸುಲಭ ಅನ್ನಿಸಿತು. ಬಟ್ಟೆ ಕತ್ತರಿಸಲು ಕೂತಾಗ ಮಾತ್ರ ಒಂದು ತಕರಾರು ಶುರುವಾಯಿತು. ಇದು ಯಾವ ಮರ? ಮಕ್ಕಳು ಕೇಳಿದರೆ ಏನು ಹೇಳಲಿ? ಕಿಟಕಿಯಿಂದ ಹೊರಗೆ ನೋಡಿದರೆ ಎದುರಿಗೆ ಹೊಂಗೆ ಮರ. ಅದರಲ್ಲಿ ಎಲ್ಲಿಂದ ಅಳೆದರೂ ತ್ರಿಕೋನ ಸಿಗುವುದಿಲ್ಲ.

ಈ ತಕರಾರು ನನ್ನೊಬ್ಬಳದೇ ಅಲ್ಲ ಅನ್ನಿಸುತ್ತೆ. ಇಲ್ಲಿನ ಯಾವ ಶಾಲೆಯ ಮಗುವಿಗೆ ಚಿತ್ರ ಬರಿ ಅಂದರೂ ಎರಡು ಬೆಟ್ಟ, ನಡುವೆ ಸೂರ್ಯ, ಬೆಟ್ಟದ ಬುಡದಿಂದ ಹರಿಯುವ ಹೊಳೆ ಬರೆಯುತ್ತದೆ. ಬೆಟ್ಟ ಸರಿ, ಅಂತರಗಂಗೆ ಬೆಟ್ಟ ಕಣ್ಣ ಮುಂದೆಯೇ ಇದೆ. ಹೊಳೆ ಎಲ್ಲಿಂದ ಬಂತು? ಕೋಲಾರ ಜಿಲ್ಲೆ ಹಾದು ಹೋಗುವ ಪಾಲಾರಿನಲ್ಲಿ ವರ್ಷದ ಬಹುಪಾಲು ಮರಳನ್ನೇ ನೋಡಿ ಬೆಳೆದವರು ನಾವು. ನಮಗೆ ನೀರು ಅಂದರೆ ಕೆರೆ. ಆದರೂ ಯಾವ ಮಗುವೂ ಕೆರೆ ಏರಿ ಬರೆಯುವುದಿಲ್ಲ. ನಾನೂ ಬರೆದಿರಲಿಲ್ಲ ಬಿಡಿ.

ಕತ್ತರಿಗೆ ನೇರ ಗೆರೆ ಇಷ್ಟ

ಮೊದಲು ತ್ರಿಕೋನದ ಪರವಾಗಿ ಒಂದಿಷ್ಟು ಹೇಳಲೇಬೇಕು. ಬಟ್ಟೆ ನೇಯುವುದೇ ಅಡ್ಡ ಉದ್ದದ ನೂಲಿನಲ್ಲಿ. ಅದನ್ನು ನೇರವಾಗಿ ಕತ್ತರಿಸಿ ನೇರವಾಗಿ ಹೊಲಿದರೆ ಅದು ಹೇಳಿದ ಮಾತು ಕೇಳುತ್ತದೆ. ದುಂಡಗೆ ಕತ್ತರಿಸಿದರೆ ಅಂಚು ಎಳೆದಾಡುತ್ತದೆ, ಸುಕ್ಕು ಬೀಳುತ್ತದೆ. ಹಾಗಾಗಿ ಪ್ಯಾಚ್ ಕೆಲಸದಲ್ಲಿ ಮರ ಬೇಕು ಅಂದವರು ತ್ರಿಕೋನಕ್ಕೆ ಬಂದು ನಿಂತಿದ್ದು ಸಹಜ. ಮರವನ್ನು ಕಣ್ಣು ಹೇಗೆ ನೋಡಿತು ಅನ್ನುವುದಕ್ಕಿಂತ ಕತ್ತರಿ ಹೇಗೆ ಓಡಿತು ಅನ್ನುವುದು ಅಲ್ಲಿ ಮುಖ್ಯವಾಯಿತು.

ಅದರಲ್ಲೊಂದು ಜಾಣತನವೂ ಇದೆ. ಒಂದೊಂದು ಮರಕ್ಕೂ ಒಂದೊಂದು ಹಸಿರು ತ್ರಿಕೋನ ಕತ್ತರಿಸುವ ಬದಲು ಬೇರೆ ಬೇರೆ ಹಸಿರಿನ ಐದು ಪಟ್ಟಿ ತೊಗೊಳ್ಳಿ. ಪ್ರತಿಯೊಂದೂ 2 ಇಂಚು ಅಗಲ. ಕಾಲಿಂಚು ಮಾರ್ಜಿನ್ ಬಿಟ್ಟು ಅವನ್ನು ಉದ್ದಕ್ಕೆ ಸೇರಿಸಿ ಹೊಲಿದರೆ 8 ಇಂಚು ಅಗಲದ ಪಟ್ಟೆ ಪಟ್ಟೆ ಬಟ್ಟೆ ಆಗುತ್ತದೆ. ಕೆಳಗೆ ಗಾಢ ಹಸಿರು, ಮೇಲೆ ಹೋಗುತ್ತಾ ತಿಳಿ ಹಸಿರು. ಈಗ ಅದರಿಂದ ತ್ರಿಕೋನ ಕತ್ತರಿಸಿ. ಒಂದು ನೆಟ್ಟಗೆ, ಪಕ್ಕದ್ದು ತಲೆಕೆಳಗು, ಮತ್ತೆ ನೆಟ್ಟಗೆ. ನಡುವೆ ಚೂರೂ ದಂಡವಾಗುವುದಿಲ್ಲ. ಇನ್ನೊಂದು ಲಾಭ ಕೇಳಿ. ನೆಟ್ಟಗೆ ಕತ್ತರಿಸಿದ ಮರದ ಬುಡ ಗಾಢ, ತುದಿ ತಿಳಿ. ತಲೆಕೆಳಗಾಗಿ ಕತ್ತರಿಸಿದ್ದನ್ನು ತಿರುಗಿಸಿ ನಿಲ್ಲಿಸಿದರೆ ಬುಡ ತಿಳಿ, ತುದಿ ಗಾಢ. ಒಂದೇ ಬಟ್ಟೆಯಿಂದ ಎರಡು ಥರದ ಮರ ಬಂತು. ಬೆಳಗಿನ ಬಿಸಿಲಿನ ಮರ ಒಂದು, ಸಂಜೆಯದು ಒಂದು ಅಂತ ಬೇಕಾದರೆ ಕತೆ ಕಟ್ಟಿಕೊಳ್ಳಬಹುದು.

ತ್ರಿಕೋನದ ಎರಡು ಕಡೆ ಹಿನ್ನೆಲೆ ಬಟ್ಟೆ ಸೇರಿಸುವಾಗ ಮಾತ್ರ ಹುಷಾರಾಗಿರಬೇಕು. ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಬರುವ ಎರಡು ತುಂಡೂ ಒಂದೇ ಕಡೆಯವು. ಎಡಕ್ಕೂ ಬಲಕ್ಕೂ ಬೇಕು ಅಂದರೆ ಎರಡು ಆಯತಗಳ ಉಲ್ಟಾ ಭಾಗ ಒಂದಕ್ಕೊಂದು ಮುಟ್ಟುವಂತೆ ಇಟ್ಟು ಒಟ್ಟಿಗೆ ಕತ್ತರಿಸಬೇಕು. ಪ್ರಿಂಟ್ ಇಲ್ಲದ ಬಟ್ಟೆಗೆ ಈ ತಲೆನೋವಿಲ್ಲ, ತಿರುಗಿಸಿಕೊಂಡರಾಯಿತು. ಮತ್ತೆ ಈ ಓರೆ ಅಂಚು ಟೈಲರುಗಳ ಭಾಷೆಯಲ್ಲಿ ಕ್ರಾಸ್. ಎಳೆದರೆ ಹಿಗ್ಗುತ್ತದೆ. ಬ್ಲೌಸ್ ಪೈಪಿಂಗಿಗೆ ಆ ಗುಣ ಬೇಕು, ಇಲ್ಲಿ ಬೇಡ. ಹೊಲಿಯುವಾಗ ಎಳೆಯದೆ ಮಿಷಿನ್ ತಾನಾಗಿ ತೊಗೊಳ್ಳಲು ಬಿಡಬೇಕು. ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜದೆ ಒತ್ತಿ ಎತ್ತಬೇಕು. ಮರದ ತುದಿಯ ಮೇಲೆ ಕಾಲಿಂಚು ಜಾಗ ಬಿಟ್ಟು ಅಂಚು ಸಮ ಮಾಡಿಕೊಳ್ಳಿ. ಇಲ್ಲದಿದ್ದರೆ ಮೇಲಿನ ಸಾಲು ಸೇರಿಸಿದಾಗ ಮರಗಳ ತಲೆ ಹಾರಿಹೋಗಿರುತ್ತದೆ.

ತ್ರಿಕೋನ ನಮಗೇನು ಹೊಸದೂ ಅಲ್ಲ. ಸೀರೆಯ ಟೆಂಪಲ್ ಬಾರ್ಡರ್ ಇನ್ನೇನು? ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ನಾಲ್ಕು ಮೂಲೆಗೂ ಬಣ್ಣದ ಬಟ್ಟೆ ಮಡಿಸಿ ಮಾಡಿದ ತ್ರಿಕೋನದ ಹೂವು ಇರುತ್ತದೆ. ಅದನ್ನು ಅವರು ಫೂಲ ಅಂತಾರೆ. ಅದಿಲ್ಲದೆ ಕೌದಿ ಮುಗಿದ ಲೆಕ್ಕವೇ ಅಲ್ಲ. ಆದ್ದರಿಂದ ಈ ಆಕಾರ ಹೊರಗಿನದು ಅಂತ ನಾನು ಹಟ ಹಿಡಿದಿಲ್ಲ. ಆ ಆಕಾರಕ್ಕೆ ಮರ ಅಂತ ಹೆಸರಿಟ್ಟ ಮೇಲೆ ಅದು ಯಾವುದಾದರೂ ಒಂದು ಮರವನ್ನು ಹೋಲಬೇಕಲ್ವಾ ಅಂತ ಅಷ್ಟೇ ನನ್ನ ಜಗಳ.

ಕೆಜಿಎಫ್‌ನ ಸರ್ವೆ ಕೊಂಬೆ

ಹಾಗೆ ಯೋಚಿಸುತ್ತಾ ಕೂತಾಗ ತ್ರಿಕೋನದ ಮರ ನಾನು ನೋಡಿದ್ದೇನೆ ಅನ್ನುವುದು ನೆನಪಾಯಿತು. ಚಿಕ್ಕವಳಿದ್ದಾಗ ರಜೆ ಬಂದರೆ ಕೆಜಿಎಫ್‌ನ ಸೋದರತ್ತೆ ಮನೆಗೆ ಹೋಗುತ್ತಿದ್ದೆ. ಗಣಿ ಇನ್ನೂ ನಡೆಯುತ್ತಿದ್ದ ಕಾಲ. ಅತ್ತೆ ಮನೆ ಕನ್ನಡದ್ದು, ಎಡಕ್ಕೆ ತಮಿಳು, ಎದುರಿಗೆ ತೆಲುಗು, ಪಕ್ಕದಲ್ಲಿ ಇಂಗ್ಲಿಷು ತಮಿಳು ಕಲಸಿ ಮಾತಾಡುವ ಒಬ್ಬ ಆಂಟಿ. ಡಿಸೆಂಬರಿನಲ್ಲಿ ಆ ಆಂಟಿ ಮನೆಯೇ ನಮಗೆಲ್ಲ ಮನೆ. ಅವರು ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆಗೆ ಅಂತ ತೆಂಗಿನ ಚಿಪ್ಪುಗಳಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತಿದ್ದರು. ಹಬ್ಬದ ಹೊತ್ತಿಗೆ ರಾಗಿ ಪೈರು ಬೆರಳುದ್ದ ಬಂದು ಕುರಿಗಳಿಗೆ ಹುಲ್ಲುಗಾವಲಾಗುತ್ತಿತ್ತು. ಬೆತ್ಲೆಹೆಮ್ಮಿನಲ್ಲಿ ರಾಗಿ ಬೆಳೀತಾರಾ ಅಂತ ಅತ್ತೆ ಕೇಳಿದ್ದಕ್ಕೆ ಆಂಟಿ, "ಯೇಸು ಇಲ್ಲಿ ಹುಟ್ಟಿದ್ರೆ ಮುದ್ದೆನೇ ತಿಂತಿದ್ದ ಕಣಕ್ಕಾ" ಅಂದಿದ್ದರು.

ಕ್ರಿಸ್ಮಸ್ ಮರ ಅಂದರೆ ಅವರಿಗೆ ಸರ್ವೆ ಮರದ ಕೊಂಬೆ. ಯಾರೋ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದು ಕೊಡುತ್ತಿದ್ದರು. ಸೀಮೆಎಣ್ಣೆ ಡಬ್ಬದಲ್ಲಿ ಕಲ್ಲು, ಮರಳು ತುಂಬಿ ನಿಲ್ಲಿಸಿದರೆ ಅದು ಒಂದು ಕಡೆ ವಾಲುತ್ತಿತ್ತು. ಒಂದು ಪಕ್ಕ ದಟ್ಟ, ಇನ್ನೊಂದು ಪಕ್ಕ ಬೋಳು. ಗೋಡೆಯಲ್ಲಿ ಒಂದು ಹಳೇ ಗ್ರೀಟಿಂಗ್ ಕಾರ್ಡು ಅಂಟಿಸಿತ್ತು. ಅದರಲ್ಲಿ ತ್ರಿಕೋನದ ಮರ, ಹಿಮ, ಒಂದು ಗಾಡಿ. ಆಂಟಿ ದೂರ ನಿಂತು ಕಾರ್ಡು ನೋಡುವುದು, ಮರ ನೋಡುವುದು. ಆಮೇಲೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು ಮರದ ಮೇಲ್ಭಾಗವನ್ನು ಎರಡೂ ಕಡೆಯಿಂದ ಓರೆಯಾಗಿ ಕತ್ತರಿಸಿದರು. ಕತ್ತರಿಸಿದ ಚೂರುಗಳನ್ನು ದಾರದಲ್ಲಿ ಬೋಳು ಪಕ್ಕಕ್ಕೆ ಕಟ್ಟಿದರು. ಮೆಡಿಕಲ್ ಶಾಪಿನ ಹತ್ತಿಯನ್ನು ಎಳೆದೆಳೆದು ಮೇಲೆ ಹರಡಿದರು. ಈಗ ಮರ ಕಾರ್ಡಿನ ಹಾಗೆ ಕಂಡಿತು. ಮರ ನೋಡಿ ಚಿತ್ರ ಬರೆಯುವುದು ಶಾಲೆಯಲ್ಲಿ ಕಲಿತಿದ್ದೆ. ಚಿತ್ರ ನೋಡಿ ಮರವನ್ನು ತಿದ್ದುವುದನ್ನು ಅವತ್ತು ನೋಡಿದೆ.

ಆಗ ಇದೆಲ್ಲ ಇಂಗ್ಲಿಷರದು ಅಂದುಕೊಂಡಿದ್ದೆ. ಕೆಜಿಎಫ್‌ನ ಚಿನ್ನದ ಗಣಿಗೆ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಬಂದಿದ್ದು 1880ರಲ್ಲಿ. ಆದರೆ ಇಂಗ್ಲೆಂಡಿನ ಸಾಮಾನ್ಯ ಮನೆಗಳಿಗೂ ಕ್ರಿಸ್ಮಸ್ ಮರ ತೀರಾ ಹಳೇ ರೂಢಿಯೇನಲ್ಲ. ಅದು ಜರ್ಮನಿ ಕಡೆಯ ಪದ್ಧತಿ. 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಅಲಂಕಾರ ಮಾಡಿದ ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂದ ಮೇಲೆ ಅಲ್ಲಿ ಮನೆಮನೆಗೂ ಹಬ್ಬಿತು. ಅಂದರೆ ಅವರೂ ಚಿತ್ರ ನೋಡಿಯೇ ಕಲಿತವರು. ಆಂಟಿಗೂ ಅವರಿಗೂ ಏನು ವ್ಯತ್ಯಾಸ? ಆಂಟಿಗೆ ಪೈನ್ ಸಿಗಲಿಲ್ಲ, ಸರ್ವೆ ಸಿಕ್ಕಿತು. ಸರ್ವೆಗೂ ಪೈನ್‌ಗೂ ನೆಂಟಸ್ತನವೇ ಇಲ್ಲ ಅನ್ನುವುದು ಬೇರೆ ಮಾತು. ಅದರಲ್ಲಿ ಸೂಜಿ ಎಲೆಯ ಹಾಗೆ ಕಾಣುವುದು ಎಲೆಯೇ ಅಲ್ಲ, ಸಣ್ಣ ಸಣ್ಣ ಕಡ್ಡಿ. ನಿಜವಾದ ಎಲೆ ಆ ಕಡ್ಡಿಯ ಗಿಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಹೊಟ್ಟಿನಂತೆ ಇರುತ್ತದೆ. ದೂರದ ದ್ವೀಪಗಳಿಂದ ಬಂದ ಮರ, ಈಗ ನಮ್ಮ ಕಡೆ ಗಾರೆ ಕೆಲಸದ ಸಾರುವೆಗೆ ಗಳು ಕೊಡುವ ಮರ.

2001ರಲ್ಲಿ ಗಣಿ ಮುಚ್ಚಿತು. ಅತ್ತೆಯವರು ಬಂಗಾರಪೇಟೆಗೆ ಬಂದರು. ಆಂಟಿ ಮಗಳ ಜೊತೆ ಚೆನ್ನೈಗೆ ಹೋದರು ಅಂತ ಕೇಳಿದ್ದೆ. ಅವರ ನೆನಪಾದ ಮೇಲೆ ನನ್ನ ಬೊಂತೆಯ ಒಂದು ಸಾಲು ತೀರ್ಮಾನವಾಯಿತು. ತ್ರಿಕೋನ ಇರಲಿ. ಅದು ಸರ್ವೆ.

ಉಳಿದ ಸಾಲುಗಳು

ಒಂದು ಸಾಲಿಗೆ ಹೆಸರು ಸಿಕ್ಕಿದ್ದೇ ತಡ, ಉಳಿದವಕ್ಕೂ ಬೇಕು ಅನ್ನಿಸಿತು. ಆಮೇಲೆ ರಸ್ತೆಯಲ್ಲಿ ಹೋಗುವಾಗೆಲ್ಲ ಮರಗಳ ಅಂಚು ನೋಡುವುದೇ ಕೆಲಸ. ಬಸ್ಸಿನ ಕಿಟಕಿಯಿಂದ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ, ಯಾಕೆಂದರೆ ಎಲೆ ಕಾಣುವುದಿಲ್ಲ, ಆಕಾರ ಮಾತ್ರ ಕಾಣುತ್ತದೆ. ಹೊಂಗೆ ದುಂಡಗೆ, ಗಿಡ್ಡಕ್ಕೆ, ನೆಲಕ್ಕೆ ಹತ್ತಿರ. ಹುಣಸೆ ಅಗಲ ಜಾಸ್ತಿ, ಅಂಚು ಗರಿ ಗರಿ. ತೋಪಿನ ಹಳೇ ಮಾವು ಎತ್ತರಕ್ಕಿಂತ ಅಗಲವೇ ಹೆಚ್ಚು, ನೆತ್ತಿ ಸಪಾಟಾದ ಗುಮ್ಮಟ. ಸಿಲ್ವರ್ ಓಕ್ ಸಣ್ಣಗೆ ಉದ್ದ. ಪ್ರಾಮಾಣಿಕವಾಗಿ ಕೋಲಾರದ ಬೊಂತೆ ಹೊಲಿಯಬೇಕು ಅಂದರೆ ಅರ್ಧ ಬೊಂತೆ ನೀಲಗಿರಿಯೇ ಆಗಬೇಕಿತ್ತು. ಹೊಲಿಯಲು ಅದಕ್ಕಿಂತ ಸುಲಭದ ಮರ ಇಲ್ಲ. ಒಂದು ಬಿಳಿ ಪಟ್ಟಿ, ತುದಿಯಲ್ಲಿ ಒಂದು ಚಿಂದಿ ಹಸಿರು, ಮುಗೀತು. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧ ಮಾಡಿದೆ. ನಾನೂ ಬೊಂತೆಯಲ್ಲಿ ನಿಷೇಧ ಮಾಡಿದೆ. ಬೋರ್‌ವೆಲ್ ಕೊರೆಸಿ ಕೊರೆಸಿ ಸುಸ್ತಾದ ಜಿಲ್ಲೆಯವರಿಗೆ ಆ ಮರದ ಮೇಲೆ ಪ್ರೀತಿ ಬರುವುದು ಕಷ್ಟ.

ದುಂಡನೆ ಮರಕ್ಕೆ ಬೇರೆ ದಾರಿ ಬೇಕು. ತುಂಡು ತುಂಡು ಜೋಡಿಸಿ ದುಂಡು ಮಾಡುವ ಸಾಹಸ ನನಗೆ ಬೇಡ. ಮೇಲಿಟ್ಟು ಹೊಲಿಯುವುದೇ ಸರಿ. ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟು ರಟ್ಟಿನಲ್ಲಿ ದುಂಡು ಕತ್ತರಿಸಿಕೊಳ್ಳಿ. ಬಟ್ಟೆಯನ್ನು ಅದಕ್ಕಿಂತ ಸುತ್ತಲೂ ಅರ್ಧ ಇಂಚಿನಷ್ಟು ದೊಡ್ಡದಾಗಿ ಕತ್ತರಿಸಿ, ಅಂಚಿನ ಸುತ್ತ ಸೂಜಿಯಲ್ಲಿ ಕಚ್ಚಾ ಹಾಕಿ. ರಟ್ಟನ್ನು ನಡುವೆ ಇಟ್ಟು ದಾರ ಎಳೆದರೆ ಅಂಚು ತಾನಾಗಿ ಒಳಗೆ ಮಡಚಿಕೊಳ್ಳುತ್ತದೆ. ಇಸ್ತ್ರಿ ಒತ್ತಿ, ತಣ್ಣಗಾದ ಮೇಲೆ ರಟ್ಟು ತೆಗೆದರೆ ನುಣುಪಾದ ದುಂಡು ಸಿಗುತ್ತದೆ. ರಟ್ಟನ್ನು ಮತ್ತೆ ಮತ್ತೆ ಬಳಸಬಹುದು, ಮದುವೆ ಕಾರ್ಡಿನ ರಟ್ಟು ಇದಕ್ಕೆ ಹೇಳಿ ಮಾಡಿಸಿದ್ದು. ಮಾವಿಗೆ ಅದೇ ದುಂಡನ್ನು ಸ್ವಲ್ಪ ಅಗಲ ಮಾಡಿ ಕೆಳಗಡೆ ನೇರವಾಗಿ ಕತ್ತರಿಸಿದೆ. ಹುಣಸೆಗೆ ಚಿಕ್ಕ ಚಿಕ್ಕ ದುಂಡುಗಳನ್ನು ಒಂದರ ಮೇಲೊಂದು ಒತ್ತೊತ್ತಾಗಿ ಕೂರಿಸಿದೆ.

ಬಣ್ಣ ಆರಿಸುವಾಗ ಇನ್ನೊಂದು ಮಜಾ. ಮರ ಅಂದ ತಕ್ಷಣ ಕೈ ಹಸಿರಿಗೆ ಹೋಗುತ್ತದೆ. ಆದರೆ ಮಾವಿನ ಚಿಗುರು ಹಸಿರಾಗಿರುವುದಿಲ್ಲ, ತಾಮ್ರದ ಕೆಂಪು. ಹೊಂಗೆಯದು ಯುಗಾದಿ ಹತ್ತಿರ ಬಂದಾಗ ಎಣ್ಣೆ ಸವರಿದ ಎಳೆ ಹಸಿರು. ಡಿಸೆಂಬರ್ ಕೊನೆ, ಜನವರಿಯಲ್ಲಿ ಶ್ರೀನಿವಾಸಪುರದ ಕಡೆ ಹೋದರೆ ತೋಪುಗಳಲ್ಲಿ ಮಾವು ಹೂ ಬಿಡುವ ಕಾಲ. ದೂರಕ್ಕೆ ಹಸಿರಿನ ಮೇಲೆ ಕೆನೆ ಹಳದಿ ಚೆಲ್ಲಿದ ಹಾಗಿರುತ್ತದೆ. ಸರಿಯಾಗಿ ಈ ರಜೆಯ ಹೊತ್ತಿಗೇ ನಮ್ಮಲ್ಲೂ ಮರದ ಮೇಲೆ ಬಿಳಿ ಬರುತ್ತೆ ಅಂತ ಹೊಳೆದಾಗ ನನಗೆ ಭಾರೀ ಖುಷಿಯಾಯಿತು. ಹಿಮದ ಚುಕ್ಕೆಗೆ ಅಂತ ತಂದಿದ್ದ ಕೆನೆ ಬಣ್ಣದ ದಾರದಲ್ಲೇ ಮಾವಿನ ಮೇಲೆ ಗಂಟು ಹೊಲಿಗೆ ಹಾಕಿದೆ, ಹೂಗೊಂಚಲಿಗೆ. ತೋಟ ಇರುವ ನೆಂಟರೊಬ್ಬರಿಗೆ ಇದನ್ನು ಹೇಳಿದರೆ ಅವರು ನಗಲಿಲ್ಲ. "ಮಂಜು ಮಾತ್ರ ಹೊಲೀಬೇಡಮ್ಮ" ಅಂದರು. ಹೂ ಬಿಟ್ಟಾಗ ಮಂಜು, ಮೋಡ ಜಾಸ್ತಿಯಾದರೆ ಬೂದಿ ರೋಗ, ಜಿಗಿಹುಳ ಎಲ್ಲ ಬಂದು ಹೂ ಉದುರಿಹೋಗುತ್ತದೆ. ಕಾರ್ಡಿನಲ್ಲಿ ಚೆಂದ ಕಾಣುವ ಮಬ್ಬು ತೋಟದವರ ನಿದ್ದೆ ಕೆಡಿಸುತ್ತೆ. ನನ್ನ ಹಿನ್ನೆಲೆ ಬಟ್ಟೆಯನ್ನು ಬಿಳಿಯಿಂದ ತಿಳಿ ನೀಲಿಗೆ ಬದಲಾಯಿಸಿದ್ದು ಆಮೇಲೆಯೇ.

ತಾಮ್ರದ ಕೆಂಪಿಗೆ ಅಂತ ಕಟ್ ಪೀಸ್ ತಂದರೆ ಮೊದಲು ಉಪ್ಪು ನೀರಲ್ಲಿ ನೆನೆಸಿ, ಬಿಳಿ ಚಿಂದಿ ಒತ್ತಿ ನೋಡಿ. ಕೆಂಪು ಬಣ್ಣ ಬಿಡುವ ಬಟ್ಟೆ ಒಂದೇ ಒಗೆತಕ್ಕೆ ಇಡೀ ಆಕಾಶವನ್ನು ಗುಲಾಬಿ ಮಾಡುತ್ತದೆ. ಎಲ್ಲ ಹತ್ತಿ ಬಟ್ಟೆಯನ್ನೂ ಒಮ್ಮೆ ನೆನೆಸಿ ಒಣಗಿಸಿಯೇ ಕತ್ತರಿಸುವುದು ಒಳ್ಳೇದು, ಆಮೇಲೆ ಒಂದು ಕುಗ್ಗಿ ಒಂದು ಕುಗ್ಗದೆ ಮರಗಳು ಸೊಟ್ಟಗಾಗುವುದಿಲ್ಲ.

ಅಮ್ಮ ಮತ್ತು ಅವರೆಕಾಳು

ಮೇಲ್ಪದರ ಸಿದ್ಧವಾದಾಗ ಅವರೆಕಾಯಿ ಕಾಲ ಜೋರಾಗಿತ್ತು. ಅಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹಿತಕವರೆ ಹಿಸುಕುತ್ತಿದ್ದಳು. ನಾನು ಅವಳ ಎದುರಿಗೆ ಬೊಂತೆ ಹಾಸಿ ಮರಗಳ ಹೆಸರು ಹೇಳಿದೆ. ಕೇಳಿಸಿಕೊಂಡು, "ಹೊದ್ಕೊಳ್ಳಕ್ಕೆ ಮರ ಗಿರ ಎಲ್ಲ ಯಾಕಮ್ಮ, ಬೆಚ್ಚಗಿದ್ರೆ ಸಾಲ್ದಾ?" ಅಂದಳು. ಅವಳ ಅಮ್ಮ, ಅಂದರೆ ನಮ್ಮಜ್ಜಿ, ಮುಳಬಾಗಿಲಿನ ಹತ್ತಿರದ ಹಳ್ಳಿಯಲ್ಲಿ ಹೊಲಿಯುತ್ತಿದ್ದ ಬೊಂತೆಗಳಲ್ಲಿ ಚಿತ್ರ ಅಂತ ಏನೂ ಇರಲಿಲ್ಲ. ಹಳೇ ಸೀರೆಗಳ ಪದರ, ಅದರ ಮೇಲೆ ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಬರುವ ಹೊಲಿಗೆ ಸಾಲು, ಒಂದು ಸಾಲಿಗೂ ಇನ್ನೊಂದಕ್ಕೂ ಬೆರಳಗಲ. ಅಷ್ಟು ಒತ್ತಾಗಿ ಯಾಕೆ ಅಂದರೆ ಸವೆದ ಬಟ್ಟೆಗೆ ಸ್ವಂತ ಶಕ್ತಿ ಇರುವುದಿಲ್ಲ, ದಾರವೇ ಅದನ್ನು ಹಿಡಿದಿಡಬೇಕು. ಹೊಸ ಬಟ್ಟೆಗೆ ಅಷ್ಟು ಬೇಕಿಲ್ಲ, ಮೂರು ನಾಲ್ಕು ಬೆರಳು ದೂರ ಬಿಟ್ಟರೂ ನಿಲ್ಲುತ್ತದೆ. ಅಜ್ಜಿಗೆ ಮರ ಹೊಲಿಯಬೇಕು ಅನ್ನಿಸಿರಲಿಲ್ಲವಾ, ಪುರುಸೊತ್ತು ಇರಲಿಲ್ಲವಾ? ಅಮ್ಮನನ್ನು ಕೇಳಿದರೆ, "ಮನೆ ಬಾಗಿಲು ತೆಗೆದ್ರೆ ತೋಪೇ ಇತ್ತಲ್ಲ, ಬಟ್ಟೆ ಮೇಲೆ ಬೇರೆ ಯಾಕೆ ಹೊಲೀಬೇಕಿತ್ತು?" ಅಂದಳು. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅಡಿಪದರಕ್ಕೆ ಅಮ್ಮನೇ ತನ್ನ ಒಂದು ಹತ್ತಿ ಸೀರೆ ಕೊಟ್ಟಳು. ಲೆಕ್ಕ ಸರಿಯಾಗಿ ಕೂತಿತು. ಐದೂವರೆ ಮೀಟರ್ ಸೀರೆಯನ್ನು ನಡುವೆ ಕತ್ತರಿಸಿ ಎರಡು ತುಂಡನ್ನು ಪಕ್ಕಪಕ್ಕ ಸೇರಿಸಿದರೆ 9 ಅಡಿ ಉದ್ದ, ಏಳು ಅಡಿಗೂ ಜಾಸ್ತಿ ಅಗಲ. ನನ್ನ ಬೊಂತೆ ಇರುವುದೇ 5 ಅಡಿ ಅಗಲ, 7 ಅಡಿ ಉದ್ದ. ಉಳಿದ ಅಂಚನ್ನು ಮೇಲಕ್ಕೆ ಮಡಿಸಿ ಹೊಲಿದರೆ ಸುತ್ತ ಪಟ್ಟಿ ಹಾಕುವ ಕೆಲಸವೂ ತಪ್ಪಿತು. ಒಳಗೆ ಫೈಬರ್ ಶೀಟ್ ಹಾಕು, ಹಗುರ ಇರುತ್ತೆ ಅಂತ ತಂಗಿ ಹೇಳಿದಳು. ನನಗೆ ಒಪ್ಪಿಗೆಯಾಗಲಿಲ್ಲ. ಎರಡು ಹಳೇ ಬೆಡ್‌ಶೀಟು ಹಾಕಿದೆ. ಮಕ್ಕಳ ಮೇಲೆ ಹೊದಿಕೆ ಸ್ವಲ್ಪ ಭಾರವಾಗಿದ್ದರೇನೇ ನಿದ್ದೆ ಅನ್ನುವುದು ನನ್ನ ನಂಬಿಕೆ. ಅಮ್ಮ ಅವರೆ ಕೈ ತೊಳೆದುಕೊಂಡು ಬಂದು, ಏನೂ ಹೇಳದೆ ಸರ್ವೆ ಸಾಲಿನ ಹಿನ್ನೆಲೆಗೆ ಬೆರಳಗಲದ ಹೊಲಿಗೆ ಶುರು ಮಾಡಿದಳು. ಮೂರು ಬೆರಳು ಬಿಟ್ಟರೆ ಸಾಕಮ್ಮ ಅಂದರೆ ಕೇಳಲಿಲ್ಲ. ಹಾಗಾಗಿ ಬೊಂತೆಯ ಒಂದು ಬದಿ ಇನ್ನೊಂದಕ್ಕಿಂತ ಬಿಗಿಯಾಗಿದೆ. ಮುಟ್ಟಿದರೆ ಯಾರ ಕೈ ಯಾವುದು ಅಂತ ಗೊತ್ತಾಗುತ್ತೆ.

ಈಗ ಉಳಿದಿರುವುದು ಒಂದೇ ಗಲಾಟೆ. ನನ್ನ ಓರಗಿತ್ತಿ ತಿಪಟೂರಿನವಳು. ಫೋಟೋ ನೋಡಿದ ಕೂಡಲೇ ಫೋನ್ ಮಾಡಿ, "ಅಕ್ಕಾ, ತೆಂಗಿನ ಮರವೇ ಇಲ್ವಲ್ಲ!" ಅಂದಳು. ತೆಂಗು ತ್ರಿಕೋನವೂ ಅಲ್ಲ, ದುಂಡೂ ಅಲ್ಲ. ಒಂದೊಂದು ಗರಿಯನ್ನೂ ಬೇರೆ ಬೇರೆ ಕತ್ತರಿಸಿ, ಬೇರೆ ಬೇರೆ ಅಂಚು ಮಡಿಸಿ, ಬೇರೆ ಬೇರೆ ಕೂರಿಸಬೇಕು. ಒಂದು ಮರಕ್ಕೆ ಒಂದು ವಾರ ಹಿಡಿಯುತ್ತೆ. ಕೊಬ್ಬರಿ ನಾಡಿನವರಿಗೆ ಬೇಕಾದರೆ ಅವರೇ ಹೊಲಿದುಕೊಳ್ಳಲಿ ಅಂತ ಹೇಳಿ, ಮದುವೆ ಕಾರ್ಡಿನ ರಟ್ಟುಗಳನ್ನು ಕೊರಿಯರ್ ಮಾಡಿದ್ದೇನೆ.